ಬೋರಿನ ನೀರಿನ ಲೆಕ್ಕ

ಮಣ್ಣಿಲ್ಲದೆ ನೀರಿನಲ್ಲೇ ಪುಂಡಿಪಲ್ಯ, ಪಾಲಕ, ಮೆಣಸಿನ ಗಿಡ ಬೆಳೆಸುವ ಹುಚ್ಚು ಹತ್ತಿದವರು ಯಾದಗಿರಿಯಲ್ಲಾಗಲಿ ಸುರಪುರದಲ್ಲಾಗಲಿ ಗೊಬ್ಬರದ ಅಂಗಡಿಗೆ ಹೋದರೆ ಮೊದಲು ಕೈಗೆ ಬರುವ ಪಾಕೀಟು 19 ಆಲ್, ಅಂದರೆ 19:19:19. ಅಂಗಡಿಯವರನ್ನು ದೂರುವಂತಿಲ್ಲ. ಡ್ರಿಪ್ ಹಾಕಿದವರು, ಹತ್ತಿಗೆ ಸಿಂಪಡಿಸುವವರು ಕೇಳುವುದೇ ಅದನ್ನು. ಹೊಲದಲ್ಲಿ ಅದು ತನ್ನ ಕೆಲಸ ಮಾಡುತ್ತದೆ. ಆದರೆ ಅದರಲ್ಲಿರುವ ಸಾರಜನಕದ ಅರ್ಧಕ್ಕೂ ಹೆಚ್ಚು ಪಾಲು ಯೂರಿಯಾ ರೂಪದ್ದು. ಯೂರಿಯಾವನ್ನು ಅಮೋನಿಯಂ ಮಾಡಿ, ಅಮೋನಿಯಂ ಅನ್ನು ನೈಟ್ರೇಟ್ ಮಾಡಿ ಬೇರಿಗೆ ಉಣಿಸುವ ಸೂಕ್ಷ್ಮಜೀವಿಗಳು ಎರೆ ಮಣ್ಣಿನಲ್ಲಿ ಬೇಕಾದಷ್ಟಿವೆ. ತೊಳೆದು ತುಂಬಿಸಿದ ಡ್ರಮ್ಮಿನ ನೀರಿನಲ್ಲಿ ಅವು ಎಲ್ಲಿಂದ ಬರಬೇಕು? ಅದರ ಮೇಲೆ 19 ಆಲ್‌ನಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ. ಚಿಗುರೆಲೆಯ ಅಂಚು ಸುಟ್ಟಂತಾದಾಗ ಮನುಷ್ಯರು ಬಿಸಿಲನ್ನು ಬೈಯುತ್ತಾರೆ.

ನೀರಿನ ತೋಟಕ್ಕೆ ಬೇಕಾದದ್ದು ಬಿಡಿ ಲವಣಗಳು. ಅದೇ ಅಂಗಡಿಯ ಹಿಂದಿನ ಅಟ್ಟದಲ್ಲಿ ಅವೂ ಇರುತ್ತವೆ, ಹೆಸರು ಹಿಡಿದು ಕೇಳಬೇಕು: ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್ ಎನ್ನುವ 13:0:45, ಮೊನೊ ಪೊಟ್ಯಾಸಿಯಂ ಫಾಸ್ಫೇಟ್ ಎನ್ನುವ 0:52:34, ಮೆಗ್ನೀಸಿಯಂ ಸಲ್ಫೇಟ್, 12 ಶೇಕಡಾ ಇಡಿಟಿಎ ಕಬ್ಬಿಣ, ಒಂದಿಷ್ಟು ಲಘು ಪೋಷಕಾಂಶಗಳ ಮಿಶ್ರಣ. ಡಿಎಪಿ, ಸೂಪರ್ ಫಾಸ್ಫೇಟ್ ಕಾಳು ಬೇಡ. ತಳದಲ್ಲಿ ಗಸಿ ಕೂರುತ್ತದೆ. ಕೆಂಪು ಪೊಟ್ಯಾಷೂ ಬೇಡ, ಅದರಲ್ಲಿ ಕ್ಲೋರೈಡ್ ವಿಪರೀತ.

ಮಳೆನೀರನ್ನು ಆಧಾರವಾಗಿಟ್ಟುಕೊಂಡು 100 ಲೀಟರಿಗೆ ಸೊಪ್ಪಿನ ಲೆಕ್ಕ ಹೀಗೆ: ಕ್ಯಾಲ್ಸಿಯಂ ನೈಟ್ರೇಟ್ 80 ಗ್ರಾಂ, 13:0:45 30 ಗ್ರಾಂ, 0:52:34 20 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 40 ಗ್ರಾಂ, ಕಬ್ಬಿಣ 2 ಗ್ರಾಂ. ಪ್ರತಿ ಲೀಟರಿಗೆ ಸಾರಜನಕ ಸುಮಾರು 163 ಮಿಲಿಗ್ರಾಂ, ಪೊಟ್ಯಾಸಿಯಂ 168, ಕ್ಯಾಲ್ಸಿಯಂ 150, ರಂಜಕ 45, ಮೆಗ್ನೀಸಿಯಂ 38 ಸಿಕ್ಕಿತು. ಒಂದು ಎಚ್ಚರ: ಪಾಕೀಟಿನ ಮೇಲಿನ 52 ಮತ್ತು 34 ನೇರವಾಗಿ ರಂಜಕ, ಪೊಟ್ಯಾಸಿಯಂ ಅಲ್ಲ, ಅವುಗಳ ಆಕ್ಸೈಡಿನ ಲೆಕ್ಕ. ರಂಜಕಕ್ಕೆ 0.436ರಿಂದ, ಪೊಟ್ಯಾಸಿಯಂಗೆ 0.83ರಿಂದ ಗುಣಿಸಿದರೆ ನಿಜದ ಅಂಕಿ ಬರುತ್ತದೆ. ಕಬ್ಬಿಣವನ್ನು ಅಡುಗೆಮನೆಯ ತೂಕದಲ್ಲಿ ತೂಗಬೇಡಿ. ಅಕ್ಕಸಾಲಿಗರು ಬಳಸುವಂಥ, ಗ್ರಾಮಿನ ನೂರನೇ ಭಾಗ ತೋರಿಸುವ ಚಿಕ್ಕ ತಕ್ಕಡಿ ಈ ಹವ್ಯಾಸದ ಮೊದಲ ಖರ್ಚಾಗಲಿ.

ಎಲ್ಲವನ್ನೂ ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಕಲಸಿಡುವ ಆಸೆ ಎಲ್ಲರಿಗೂ ಬರುತ್ತದೆ. ಆಗದು. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಗಟ್ಟಿ ದ್ರಾವಣದಲ್ಲಿ ಎದುರಾದರೆ ಜಿಪ್ಸಂ ಆಗಿ ತಳ ಸೇರುತ್ತದೆ. ಫಾಸ್ಫೇಟ್ ಎದುರಾದರೂ ಬಿಳಿ ಗಸಿಯೇ. ಕ್ಯಾಲ್ಸಿಯಂ ನೈಟ್ರೇಟ್ ಒಂದು ಕ್ಯಾನಿನಲ್ಲಿ, ಫಾಸ್ಫೇಟ್ ಸಲ್ಫೇಟುಗಳು ಇನ್ನೊಂದರಲ್ಲಿ. ಡ್ರಮ್ಮಿನಲ್ಲಿ ನೀರು ಪೂರ್ತಿ ತುಂಬಿದ ಮೇಲೆ ಒಂದನ್ನು ಸುರಿದು, ಚೆನ್ನಾಗಿ ತಿರುವಿ, ಆಮೇಲೆ ಎರಡನೆಯದು. 13:0:45 ಕರಗುವಾಗ ಬಕೆಟ್ ತಣ್ಣಗಾಗುತ್ತದೆ. ಮೇ ತಿಂಗಳಲ್ಲಿ ಅದೊಂದು ಸಣ್ಣ ಸುಖ. ಇದೇ ಉಪ್ಪು ಹಿಂದೆ ಸಿಡಿಮದ್ದಿನ ಮುಖ್ಯ ಸರಕು. 1705ರಲ್ಲಿ ಔರಂಗಜೇಬ ಕಡೆಯದಾಗಿ ಮುತ್ತಿದ ಕೋಟೆ ಸುರಪುರದ ಪಕ್ಕದ ವಾಗಣಗೇರಾ. ಅಲ್ಲಿ ಎರಡೂ ಕಡೆಯ ಫಿರಂಗಿಗಳಲ್ಲಿ ಸುಟ್ಟ ಉಪ್ಪು ಈಗ ನಮ್ಮ ಪಾಲಕಿಗೆ ಊಟ.

ಇಷ್ಟು ಯಾರು ಬೇಕಾದರೂ ಕಲಿಯಬಹುದು. ನಮ್ಮ ಸೀಮೆಯಲ್ಲಿ ಎಡವುವುದು ನೀರಿನಲ್ಲಿ. ಮೇಲಿನ ಲೆಕ್ಕ ಮಳೆನೀರಿನದು. ನಾವು ಡ್ರಮ್ಮಿಗೆ ತುಂಬುವುದು ಬೋರಿನದು. ಗೋಗಿಯ ಸುತ್ತ ಭೀಮಾ ಕಣಿವೆಯ ಸುಣ್ಣಕಲ್ಲು (ಯುರೇನಿಯಂ ನಿಕ್ಷೇಪದಿಂದ ಸುದ್ದಿಯಾದ ಗೋಗಿಯೇ), ಸುರಪುರದ ಗುಡ್ಡಗಳಲ್ಲಿ ಗ್ರಾನೈಟ್. ಒಂದೇ ಜಿಲ್ಲೆ, ನೀರಿನ ಗುಣ ಬೇರೆ ಬೇರೆ. ಚೊಂಬಿನ ಒಳಗೆ ಬಿಳಿ ಪೊರೆ ಕಟ್ಟಿಸುವ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಗಲೇ ಕರಗಿವೆ. ಅಂದರೆ ಗೊಬ್ಬರ ಹಾಕುವ ಮೊದಲೇ ನೀವು ಗೊಬ್ಬರ ಹಾಕಿದ್ದೀರಿ. ಲೀಟರಿಗೆ 50 ಮಿಲಿಗ್ರಾಂ ಕ್ಯಾಲ್ಸಿಯಂ ನೀರಿನಲ್ಲೇ ಇದ್ದರೆ 80 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ 53ಕ್ಕೆ ಇಳಿಯಬೇಕು. ಸಾರಜನಕವೂ ಲೀಟರಿಗೆ 40 ಮಿಲಿಗ್ರಾಮಿನಷ್ಟು ತಗ್ಗುತ್ತದೆ. ಸೊಪ್ಪಿಗೆ ಅದು ದೊಡ್ಡ ನಷ್ಟವಲ್ಲ.

ನೀರಿನ ವಿದ್ಯುತ್ ವಾಹಕತೆ ಅಳೆಯುವ ಇಸಿ ಮೀಟರ್ ಕೊಂಡವರು ಅದನ್ನೇ ದೇವರೆಂದು ನಂಬುತ್ತಾರೆ. ಅದು ನೀರಿನಲ್ಲಿ ಒಟ್ಟು ಎಷ್ಟು ಲವಣವಿದೆ ಎಂಬ ಅಂದಾಜು ಕೊಡುತ್ತದೆ. ಅದು ಕ್ಯಾಲ್ಸಿಯಮ್ಮೋ ಸೋಡಿಯಮ್ಮೋ ಎಂದು ಹೇಳಲಾರದು. ಸವಳು ನೀರಿನ 1.2ಕ್ಕೂ ಒಳ್ಳೆಯ ದ್ರಾವಣದ 1.2ಕ್ಕೂ ಅಜಗಜಾಂತರ. ಹಾಗಾಗಿ ಒಮ್ಮೆಯಾದರೂ ನೀರಿನ ಪರೀಕ್ಷೆ ಮಾಡಿಸಿ. ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಶಹಾಪುರದ ಪಕ್ಕ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ಎಲ್ಲಿ ಮಾಡಿಸಬಹುದೆಂದು ಅಲ್ಲಿ ವಿಚಾರಿಸಿ. ಚೀಟಿಯಲ್ಲಿ ಮೊದಲು ನೋಡಬೇಕಾದದ್ದು ಬೈಕಾರ್ಬನೇಟ್. ರಸಸಾರವನ್ನು ದಿನದಿನಕ್ಕೂ ಮೇಲೆ ತಳ್ಳುವುದು ಅದೇ. ಇಡಿಟಿಎ ಕಬ್ಬಿಣ 6.5 ದಾಟಿದರೆ ಹಿಡಿತ ಬಿಡುತ್ತದೆ, ಎಳೆ ಎಲೆ ನರ ಉಳಿದು ಹಳದಿಯಾಗುತ್ತದೆ. ಡ್ರಿಪ್ ಪೈಪ್ ತೊಳೆಯಲು ರೈತರು ಬಳಸುವ ಫಾಸ್ಫಾರಿಕ್ ಆಸಿಡ್ಡನ್ನು ಹನಿಹನಿಯಾಗಿ ಹಾಕಿ 5.8ರ ಆಸುಪಾಸಿಗೆ ತನ್ನಿ. ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ. ಕೈಗವಸು, ಕನ್ನಡಕ ಕಡ್ಡಾಯ. ಅದಕ್ಕಿಂತ ಒಳ್ಳೆಯ ಉಪಾಯ ಮಾಳಿಗೆಯ ಮಳೆನೀರು. 100 ಚದರ ಮೀಟರಿನ ಮಾಳಿಗೆಗೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಬೋರಿನದಕ್ಕೆ ಅರ್ಧ ಬೆರೆಸಿದರೂ ಸಾಕು.

ಈ ಒಣ ಉಪ್ಪಿನ ದಾರಿ ನಮ್ಮ ದೇಶಕ್ಕೆ ಹೊಸದಲ್ಲ. 1946ರಲ್ಲಿ ಶೋಲ್ಟೊ ಡಗ್ಲಸ್ ಎಂಬಾತ ಕಾಲಿಂಪಾಂಗ್ ಕಡೆ ಪ್ರಯೋಗ ಶುರುಮಾಡಿ, ಜಲ್ಲಿ ತುಂಬಿದ ಮಡಿಯ ಮೇಲೆ ಒಣ ಲವಣಗಳನ್ನೇ ಉದುರಿಸಿ ನೀರು ಹಾಯಿಸುವ ಬಡವರ ವಿಧಾನವೊಂದನ್ನು ರೂಪಿಸಿದ. ಅದಕ್ಕೆ ಬಂಗಾಳ ಪದ್ಧತಿ ಎಂದೇ ಹೆಸರು. ಇತ್ತ ಆನ್‌ಲೈನಿನಲ್ಲಿ ಬರುವ ಬಣ್ಣದ ಬಾಟಲಿಗಳಲ್ಲಿ ಹೆಚ್ಚಿನಂಶ ನೀರು. ಪಶ್ಚಿಮದಲ್ಲಿ ಆ ವ್ಯಾಪಾರವನ್ನು ಬೆಳೆಸಿದವರು ಬಹುಮಟ್ಟಿಗೆ ಕೋಣೆಯೊಳಗೆ ಗಾಂಜಾ ಬೆಳೆಸುವವರು. ನಮ್ಮಲ್ಲಿ ಪರವಾನಗಿಯಿಲ್ಲದೆ ಆ ಗಿಡ ನೆಟ್ಟರೆ 1985ರ ಎನ್‌ಡಿಪಿಎಸ್ ಕಾಯ್ದೆಯಡಿ 10 ವರ್ಷದವರೆಗೆ ಕಠಿಣ ಸಜೆ. ನಮ್ಮ ಅಂಕಣ ಮೆಣಸಿನ ಗಿಡಕ್ಕೇ ನಿಲ್ಲುತ್ತದೆ.

ಬೇಸಿಗೆಯ ಮಾತು ಬೇರೆ. ಏಪ್ರಿಲ್ ಬಿಸಿಲಿಗೆ ಗಿಡ ಉಪ್ಪಿಗಿಂತ ನೀರನ್ನೇ ಹೆಚ್ಚು ಕುಡಿಯುತ್ತದೆ. ಡ್ರಮ್ಮಿನಲ್ಲಿ ಉಳಿದದ್ದು ದಿನೇ ದಿನೇ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಇಸಿ 1.8 ಇಟ್ಟವರು ಈಗ 1.2ಕ್ಕೆ ಇಳಿಸಿ, ಕಡಿಮೆಯಾದಷ್ಟು ಬರೀ ನೀರು ತುಂಬಿಸಿ. ನೀರು 35 ಡಿಗ್ರಿ ಮುಟ್ಟಿದರೆ ಅದರಲ್ಲಿ ಕರಗುವ ಆಮ್ಲಜನಕ ಲೀಟರಿಗೆ 7 ಮಿಲಿಗ್ರಾಮಿಗೆ ಕುಸಿಯುತ್ತದೆ, ಬೇರು ಕೊಳೆಯಲು ಅಷ್ಟು ನೆಪ ಸಾಕು. ಡ್ರಮ್ಮಿಗೆ ಒದ್ದೆ ಗೋಣಿಚೀಲ ಸುತ್ತಿ ಬಡಗಣ ಗೋಡೆಯ ನೆರಳಿಗೆ ಸರಿಸಿ. ಕ್ಯಾಲ್ಸಿಯಂ ನೈಟ್ರೇಟಿನ ಚೀಲವನ್ನು ಮಾತ್ರ ಆಷಾಢ ಬರುವ ಮೊದಲೇ ಬಿಗಿ ಮುಚ್ಚಳದ ಡಬ್ಬಿಗಳಿಗೆ ಹಂಚಿಡಿ. ಗಾಳಿಯ ತೇವ ಹೀರಿ ಅದು ಒಮ್ಮೆ ರಾಡಿಯಾದರೆ ತೂಗಿದ 80 ಗ್ರಾಮಿನಲ್ಲಿ ಉಪ್ಪೆಷ್ಟು ನೀರೆಷ್ಟು ಎಂದು ಯಾವ ತಕ್ಕಡಿಯೂ ಹೇಳದು.