ಕತ್ತಲನ್ನು ಬಚ್ಚಿಡದ ಕಥೆಗಳು

ಮಕ್ಕಳ ಸಾಹಸ ಕಥೆಗಳಲ್ಲಿ ಒಂದು ಬಗೆಯಿದೆ. ಅದರಲ್ಲಿ ಕಾಡು, ಹೊಳೆ, ಹಿಮ, ಗಾಳಿ ಬರೀ ಹಿನ್ನೆಲೆಯ ಪರದೆಗಳಲ್ಲ. ಕಥೆ ನಡೆಯುವುದೇ ಅವುಗಳಿಂದ. ಅಲ್ಲಿ ಮಾಯೆಯಿದೆ, ವಿಚಿತ್ರ ಜೀವಿಗಳಿವೆ, ನಿಜವಾದ ಅಪಾಯವಿದೆ, ಕೊನೆಗೆ ಎದೆ ಹಗುರಾಗಿಸುವ ಭರವಸೆಯೂ ಇದೆ. ಫಿನ್‌ಲೆಂಡಿನ ಟೂವೆ ಯಾನ್ಸನ್, ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್, ಸಿನಿಮಾದಲ್ಲಿ ಜಪಾನಿನ ಹಯಾವೊ ಮಿಯಾಜಾಕಿ ಈ ಬಗೆಯನ್ನು ಎತ್ತರಕ್ಕೆ ಒಯ್ದವರು. ಇವರ ಲೋಕಕ್ಕೆ ಹೊಸದಾಗಿ ಕಾಲಿಡುವ ದೊಡ್ಡವರು ‘ಎಷ್ಟು ಮುದ್ದಾಗಿದೆ’ ಎಂದು ಹೇಳಿ ಪುಸ್ತಕ ಮುಚ್ಚಿಬಿಡುವುದುಂಟು. ಮುದ್ದು ಇದೆ, ನಿಜ. ಆದರೆ ಅಷ್ಟಕ್ಕೇ ನಿಂತರೆ ಮುಖ್ಯವಾದದ್ದು ಕೈತಪ್ಪುತ್ತದೆ. ಈ ಕಥೆಗಳಲ್ಲಿ ಭರವಸೆಯನ್ನು ಯಾರೂ ಬಾಯಿಮಾತಿನಲ್ಲಿ ಕೊಡುವುದಿಲ್ಲ. ಬರೆದವರು ಋತುಗಳನ್ನು ಅಷ್ಟು ಹತ್ತಿರದಿಂದ ನೋಡಿರುವುದರಿಂದ ಅದು ತಾನಾಗಿ ಹುಟ್ಟುತ್ತದೆ. ಹೆದರಿಸುವ ಪ್ರಕೃತಿಯೇ ಸಲಹುವ ಪ್ರಕೃತಿಯೂ ಆಗಿರುತ್ತದೆ.

ಆದ್ದರಿಂದ ಓದುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಇದು: ಈ ಮಾಯೆ ಕಣ್ಣಾರೆ ಕಂಡ ಯಾವ ವಸ್ತುವಿನಿಂದ ಹೊರಟಿದೆ? 1914ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದ ಯಾನ್ಸನ್ ಬಾಲ್ಯದ ಬೇಸಿಗೆಗಳನ್ನು ಫಿನ್‌ಲೆಂಡ್ ಕೊಲ್ಲಿಯ ದ್ವೀಪಗಳಲ್ಲಿ ಕಳೆದರು. ಮುಂದೆ ಸಂಗಾತಿ ಟೂಲಿಕಿ ಪಿಯೆಟಿಲಾ ಜೊತೆ ಕ್ಲೋವ್‌ಹಾರುನ್ ಎಂಬ ಬಂಡೆದ್ವೀಪದಲ್ಲಿ ಗುಡಿಸಲು ಕಟ್ಟಿಕೊಂಡು ಎಷ್ಟೋ ಬೇಸಿಗೆಗಳನ್ನು ಅಲ್ಲೇ ಕಳೆದರು. ಗಾಳಿಯ ದಿಕ್ಕು, ಅಲೆಯ ಸದ್ದು, ಮೋಡದ ಬಣ್ಣ ಅವರಿಗೆ ದಿನನಿತ್ಯದ ವಿಷಯ. ಮೂಮಿನ್ ಎಂಬ ಪುಟ್ಟ ಜೀವಿಗಳ ಬಗೆಗಿನ ಅವರ ಕಥೆಗಳಲ್ಲಿ ಹ್ಯಾಟಿಫ್ಯಾಟನರ್ ಎಂಬ ಬಿಳಿಯ ಮೂಕ ಜೀವಿಗಳಿವೆ. ಅವು ನಡುಬೇಸಿಗೆಯ ರಾತ್ರಿ ಬಿತ್ತಿದ ಬೀಜದಿಂದ ಮೊಳೆಯುತ್ತವೆ, ಮಿಂಚನ್ನು ಹುಡುಕಿಕೊಂಡು ದೋಣಿಗಳಲ್ಲಿ ಅಲೆಯುತ್ತವೆ, ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರನ್ನು ಪೂಜಿಸುತ್ತವೆ! ಗುಡುಗು ಬರುವ ಮುನ್ನ ಮೈಯ ರೋಮ ನಿಮಿರುವ ಅನುಭವ ಇದ್ದವರಿಗೆ ಮಾತ್ರ ಇಂಥ ಜೀವಿ ಹೊಳೆಯಲು ಸಾಧ್ಯ.

ಮೂಮಿನ್ ಕಥೆಗಳ ಮೊದಲ ಪುಸ್ತಕವನ್ನು ಯಾನ್ಸನ್ ಬರೆಯತೊಡಗಿದ್ದು 1939ರ ಯುದ್ಧದ ಚಳಿಗಾಲದಲ್ಲಿ, ಅಚ್ಚಾದದ್ದು 1945ರಲ್ಲಿ. ಪ್ರವಾಹದ ನಡುವೆ ಅಪ್ಪನನ್ನು ಹುಡುಕುವ ತಾಯಿಮಗನ ಕಥೆ ಅದು. ಮರುವರ್ಷದ ಪುಸ್ತಕದಲ್ಲಿ ಧೂಮಕೇತುವೊಂದು ಭೂಮಿಯತ್ತ ಬರುತ್ತದೆ, ಕಡಲು ಬತ್ತುತ್ತದೆ, ಬರಿದಾದ ಕಡಲತಳವನ್ನು ಪುಟ್ಟ ಜೀವಿಗಳು ಮರಗಾಲು ಕಟ್ಟಿಕೊಂಡು ದಾಟುತ್ತವೆ. ಬಾಂಬು ಬಿದ್ದ ನಗರದಲ್ಲಿ ಬದುಕಿದವರು ಬರೆದದ್ದೆಂಬುದನ್ನು ನೆನಪಿಟ್ಟುಕೊಂಡು ಓದಿ.

ಇಷ್ಟೆಲ್ಲದರಲ್ಲಿ ನಾನು ಮೊದಲು ಕೈಗೆ ಕೊಡುವುದು 1957ರ ಪುಸ್ತಕವನ್ನು. ಇಂಗ್ಲಿಷಿನಲ್ಲಿ ‘ಮೂಮಿನ್‌ಲ್ಯಾಂಡ್ ಮಿಡ್‌ವಿಂಟರ್’ ಎಂದು ಸಿಗುತ್ತದೆ. ಮೂಮಿನ್‌ಗಳು ಹೊಟ್ಟೆತುಂಬ ಪೈನ್ ಎಲೆ ತಿಂದು ಚಳಿಗಾಲವಿಡೀ ಮಲಗುವವರು. ಒಂದು ವರ್ಷ ಮೂಮಿನ್‌ಟ್ರಾಲ್ ಎಂಬ ಹುಡುಗ ನಡುವೆ ಎಚ್ಚರಗೊಳ್ಳುತ್ತಾನೆ. ಮನೆಯವರೆಲ್ಲ ನಿದ್ದೆಯಲ್ಲಿದ್ದಾರೆ, ಅಮ್ಮನನ್ನು ಕರೆದರೂ ಏಳುವುದಿಲ್ಲ, ಹೊರಗೆ ಅವನು ಎಂದೂ ನೋಡಿರದ ಬಿಳಿ ಲೋಕ. ಸೂರ್ಯ ಕಾಣೆಯಾಗಿದ್ದಾನೆ. ಸ್ನಾನದ ಮನೆಯಲ್ಲಿ ವಾಸಿಸುವ ಟೂ-ಟಿಕಿ ಅವನಿಗೆ ಗುರುವೂ ಹೌದು, ಗೆಳತಿಯೂ ಹೌದು. ಆದರೆ ಅವನ ಕಷ್ಟವನ್ನು ಅವಳು ತಾನು ಹೊರುವುದಿಲ್ಲ. ಸೂರ್ಯ ಮರಳುವ ದಿನ ಬಂದಾಗ ಅವನು ದೊಡ್ಡದೇನನ್ನೋ ನಿರೀಕ್ಷಿಸಿ ನಿಂತಿರುತ್ತಾನೆ. ದಿಗಂತದಲ್ಲಿ ತೆಳ್ಳನೆಯ ಬೆಳಕಿನ ಎಳೆಯೊಂದು ಮೂಡಿ ಅಷ್ಟರಲ್ಲೇ ಮಾಯವಾಗುತ್ತದೆ. ಅವನಿಗೆ ನಿರಾಸೆ, ಸಿಟ್ಟು. ಉತ್ತರದ ನಾಡಿನಲ್ಲಿ ಬೆಳಕು ಮರಳುವುದೇ ಹೀಗೆ, ದಿನಕ್ಕೆ ಚೂರು ಚೂರು. ಯಾನ್ಸನ್ ಖಗೋಳದ ಸತ್ಯವನ್ನು ಬದಲಿಸಲಿಲ್ಲ. ಅದರಿಂದಲೇ ಭರವಸೆಯ ಸ್ವರೂಪವನ್ನು ತೋರಿಸಿದರು.

ಅದೇ ಪುಸ್ತಕದಲ್ಲಿ ಒಂದು ಅಳಿಲು ಸಾಯುತ್ತದೆ. ಎಚ್ಚರಿಕೆ ಕೊಟ್ಟರೂ ಮರೆತು, ಶೀತದ ಒಡತಿಯ ಮುಖ ನೋಡಿ ಹೆಪ್ಪುಗಟ್ಟುತ್ತದೆ. ಹಿಮದಿಂದ ಮಾಡಿದ ಕುದುರೆ ಅದನ್ನು ಹೊತ್ತೊಯ್ಯುತ್ತದೆ. ಲಿಟಲ್ ಮೈ ಎಂಬ ಪುಟ್ಟ ತುಂಟಿಗೆ ಅದರ ಬಾಲದ ಮೇಲೆ ಕಣ್ಣು! ಅಳು ಬಂದವರು ಮುಂದಿನ ಇಂಥ ಪುಟ ನೋಡಿಕೊಳ್ಳಿ ಎಂದು ಯಾನ್ಸನ್ ಅಡಿಟಿಪ್ಪಣಿ ಬರೆದಿದ್ದಾರೆ. ಆ ಪುಟಕ್ಕೆ ಹೋದರೆ ವಸಂತದಲ್ಲಿ ಒಂದು ಅಳಿಲು ಓಡಾಡುತ್ತಿದೆ. ಅದೇ ಅಳಿಲೋ, ಇನ್ನೊಂದೋ? ಲೇಖಕಿ ತೀರ್ಪು ಕೊಡುವುದಿಲ್ಲ. ಮಗು ಕೇಳಿದರೆ ನೀವೂ ಕೊಡಬೇಡಿ. ಸಾವನ್ನು ಅಳಿಸದೆ, ಜೀವವನ್ನೂ ಬಿಟ್ಟುಕೊಡದೆ ನಿಲ್ಲುವ ಆ ಅನಿಶ್ಚಯದಲ್ಲಿ ಇಡೀ ಪ್ರಕಾರದ ಮರ್ಯಾದೆ ಅಡಗಿದೆ ಎಂದು ನಾನು ನಂಬುತ್ತೇನೆ.

ಹಿಮವನ್ನೇ ಕಾಣದ ನಮ್ಮ ಮಕ್ಕಳಿಗೆ ಇದು ಹೇಗೆ ಮುಟ್ಟೀತು ಎಂಬ ಅಳುಕು ಬೇಡ. ಮಲೆನಾಡಿನ ಜಡಿಮಳೆಯಲ್ಲಿ ದಿನಗಟ್ಟಲೆ ಮನೆಯೊಳಗೆ ಕೂತ, ಬಟ್ಟೆ ಒಣಗದ, ಹಗಲಲ್ಲೂ ದೀಪ ಹಚ್ಚಬೇಕಾದ ಆಷಾಢವನ್ನು ಬಲ್ಲ ಮಗುವಿಗೆ ಮೂಮಿನ್‌ಟ್ರಾಲ್‌ನ ಸಿಟ್ಟು ಅರ್ಥವಾಗುತ್ತದೆ. ಬಿಸಿಲು ಯಾವಾಗ ಬರುತ್ತದೆ ಎಂದು ಅದೂ ಕೇಳಿರುತ್ತದೆ.

ಎರಡನೆಯದಾಗಿ ಅಪಾಯವನ್ನು ನೋಡಿ. ಲಿಂಡ್‌ಗ್ರೆನ್ 1981ರಲ್ಲಿ ಬರೆದ ‘ರೋನ್ಯಾ, ದ ರಾಬರ್ಸ್ ಡಾಟರ್’ ದರೋಡೆಕೋರನ ಮಗಳ ಕಥೆ. ಅವಳು ಹುಟ್ಟಿದ ರಾತ್ರಿ ಸಿಡಿಲು ಬಡಿದು ಕೋಟೆ ಎರಡು ಹೋಳಾಗಿದೆ. ಕಾಡಿಗೆ ಹೋಗುವಾಗ ಅಪ್ಪ ಎಚ್ಚರಿಸುತ್ತಾನೆ: ಹೊಳೆಗೆ ಬೀಳಬೇಡ, ದಾರಿ ತಪ್ಪಬೇಡ, ಕಂದರದ ಹತ್ತಿರ ಜೋಪಾನ. ರೋನ್ಯಾ ಏನು ಮಾಡುತ್ತಾಳೆ? ಹೊಳೆಗೆ ಬೀಳದಿರುವುದನ್ನು ಕಲಿಯಲು ಹೊಳೆಯ ದಡಕ್ಕೇ ಹೋಗುತ್ತಾಳೆ. ಕಂದರವನ್ನು ಅರಿಯಲು ಅದರ ಅಂಚಿಗೇ ಹೋಗುತ್ತಾಳೆ. ಅಲ್ಲೇ ವೈರಿಯ ಮಗ ಬಿರ್ಕ್ ಸಿಗುತ್ತಾನೆ. ಈ ಕಥೆಗಳಲ್ಲಿ ಧೈರ್ಯ ಬರುವುದು ಪಳಗುವುದರಿಂದ. ಇಬ್ಬರೂ ಮನೆ ಬಿಟ್ಟು ಒಂದು ಬೇಸಿಗೆ ಕರಡಿಗುಹೆಯಲ್ಲಿ ಬದುಕುತ್ತಾರೆ. ಆದರೆ ಚಳಿಗಾಲ ಬಂದರೆ ಆ ಗುಹೆ ತಮ್ಮನ್ನು ಕೊಲ್ಲುತ್ತದೆ ಎಂಬುದು ಅವರಿಗೂ ಗೊತ್ತು, ಓದುಗನಿಗೂ ಗೊತ್ತು. ಕಾಡನ್ನು ಪ್ರೀತಿಸುವ ಲೇಖಕಿ ಕಾಡಿನ ಬಗ್ಗೆ ಸುಳ್ಳು ಹೇಳಿಲ್ಲ.

ಖಡ್ಗ, ಭವಿಷ್ಯವಾಣಿ, ಕೊನೆಯ ಮಹಾಯುದ್ಧ ಇವುಗಳನ್ನು ಹುಡುಕುವವರಿಗೆ ಇಲ್ಲಿ ಹೆಚ್ಚೇನೂ ಸಿಗದು. ಇಲ್ಲಿ ವೈರಿಯನ್ನು ಕೊಲ್ಲುವುದು ಅಪರೂಪ. ಯಾನ್ಸನ್‌ರ ಮೂಮಿನ್ ಕಥೆಗಳಲ್ಲಿ ಬರುವ ಗ್ರೋಕ್ ಎಂಬ ಹೆಣ್ಣುಜೀವಿ ಕೂತ ನೆಲ ಹೆಪ್ಪುಗಟ್ಟುತ್ತದೆ. ಬೆಂಕಿಯನ್ನು ಕಂಡರೆ ಹತ್ತಿರ ಬಂದು ಅದರ ಮೇಲೆ ಕೂರುತ್ತಾಳೆ, ಬೆಂಕಿ ಆರುತ್ತದೆ. 1965ರ ‘ಮೂಮಿನ್‌ಪಪ್ಪಾ ಅಟ್ ಸೀ’ ಪುಸ್ತಕದಲ್ಲಿ ಮೂಮಿನ್‌ಟ್ರಾಲ್ ರಾತ್ರಿರಾತ್ರಿ ಲಾಟೀನು ಹಿಡಿದು ಕಡಲತೀರಕ್ಕೆ ಹೋಗಿ ಅವಳಿಗೆ ಬೆಳಕು ತೋರಿಸುತ್ತಾನೆ. ಒಂದು ರಾತ್ರಿ ಸೀಮೆಎಣ್ಣೆ ಮುಗಿದಿರುತ್ತದೆ. ಬರಿಗೈಯಲ್ಲಿ ಬಂದ ಅವನನ್ನು ಕಂಡೇ ಅವಳು ಕುಣಿಯುತ್ತಾಳೆ. ಅವಳ ಕಾಲಡಿಯ ಮರಳು ಆ ರಾತ್ರಿ ಹೆಪ್ಪುಗಟ್ಟುವುದಿಲ್ಲ.

ಓದಿಗಿಂತ ನೋಡುವುದು ಸುಲಭವೆನಿಸುವವರು ಮಿಯಾಜಾಕಿಯ 1988ರ ‘ಮೈ ನೇಬರ್ ಟೊಟೊರೊ’ದಿಂದ ಹೊರಡಬಹುದು. ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಇಬ್ಬರು ಹುಡುಗಿಯರು ಹಳ್ಳಿಮನೆಗೆ ಬಂದಿದ್ದಾರೆ, ಪಕ್ಕದ ದೊಡ್ಡ ಕರ್ಪೂರದ ಮರದಲ್ಲಿ ಕಾಡಿನ ವಿಚಿತ್ರ ಜೀವಿ ಟೊಟೊರೊ ಇದ್ದಾನೆ. ಅವನು ಕೊಟ್ಟ ಓಕ್ ಬೀಜಗಳನ್ನು ನೆಡುತ್ತಾರೆ. ಒಂದು ರಾತ್ರಿ ಅವು ಮುಗಿಲೆತ್ತರದ ಮರವಾಗುತ್ತವೆ. ಬೆಳಗಾದರೆ ಮರವಿಲ್ಲ, ಆದರೆ ಮಡಿಯಲ್ಲಿ ಮೊಳಕೆಗಳಿವೆ. ಆ ಮೊಳಕೆಗಳ ದೃಶ್ಯವನ್ನು ಮತ್ತೆ ಹಿಂದೆ ಸರಿಸಿ ನೋಡಿ. ಕನಸು ಮಣ್ಣಿನಲ್ಲಿ ಸಾಕ್ಷಿ ಉಳಿಸಿಹೋಗಿದೆ. ಈ ಚಿತ್ರಕ್ಕೆ ಪ್ರೇರಣೆಯಾದ ಟೋಕಿಯೋ ಬಳಿಯ ಸಯಾಮ ಗುಡ್ಡಗಳ ಕಾಡುಗಳನ್ನು ಕೊಂಡು ಉಳಿಸಲು ಜನರು 1990ರಲ್ಲಿ ಟೊಟೊರೊ ಹೆಸರಿನಲ್ಲೇ ನಿಧಿಯೊಂದನ್ನು ಆರಂಭಿಸಿದರು.

ಮರ ಕಡಿಯಬೇಡಿ, ನೀರು ಉಳಿಸಿ ಎಂದು ಕೊನೆಯಲ್ಲಿ ನೀತಿ ಹೇಳುವ ಕಥೆಗಳನ್ನು ನಾನು ಈ ಸಾಲಿಗೆ ಸೇರಿಸಲಾರೆ. ಅವುಗಳ ಉದ್ದೇಶ ಒಳ್ಳೆಯದೇ. ಆದರೆ ಅವುಗಳಲ್ಲಿ ಮರ ಬರುವುದು ಪಾಠಕ್ಕಾಗಿ. ಯಾವ ಜಾತಿಯ ಮರ, ಯಾವ ತಿಂಗಳು ಹೂ ಬಿಡುತ್ತದೆ, ಅದರಲ್ಲಿ ಯಾರ್‍ಯಾರು ಗೂಡು ಕಟ್ಟುತ್ತಾರೆ ಎಂಬ ಕುತೂಹಲ ಇರುವುದಿಲ್ಲ. ಕನ್ನಡದಲ್ಲಿ ಆ ಕುತೂಹಲದ ರುಚಿ ಬೇಕಿದ್ದರೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಇದೆ. ಅದು ಮಕ್ಕಳಿಗಾಗಿ ಬರೆದದ್ದಲ್ಲ, ಮಾಯಾಲೋಕವೂ ಅದರಲ್ಲಿಲ್ಲ. ಆದರೆ ಪಶ್ಚಿಮಘಟ್ಟದಲ್ಲಿ ನಿಜವಾಗಿಯೂ ಇರುವ ಹಾರುವ ಓತಿಯೊಂದರ ಹುಡುಕಾಟ ಅಲ್ಲಿ ಯಾವ ಮಾಯೆಗೂ ಕಡಿಮೆಯಿಲ್ಲದ ಸಾಹಸವಾಗುತ್ತದೆ, ಕೊನೆಗೆ ಅದು ಯಾರ ಕೈಗೂ ಸಿಗದೆ ತೇಲಿಹೋಗುವಾಗ ಸೋಲೆನಿಸುವುದಿಲ್ಲ. ಹೈಸ್ಕೂಲಿನ ಮಕ್ಕಳು ಅದನ್ನು ಸಲೀಸಾಗಿ ಓದುತ್ತಾರೆ.

ಚಿಕ್ಕವರಿಗಾದರೆ ದೊಡ್ಡವರು ಗಟ್ಟಿಯಾಗಿ ಓದಬೇಕು, ರಾತ್ರಿಗೊಂದು ಅಧ್ಯಾಯ, ಇಂಗ್ಲಿಷ್ ಪುಸ್ತಕವಾದರೆ ಅಲ್ಲಲ್ಲೇ ನಮ್ಮ ಮಾತಿಗೆ ತಂದುಕೊಂಡು. ಹವೆಯ ವರ್ಣನೆ ಬಂದಾಗ ಅವಸರಪಡಬೇಡಿ. ಕಥೆ ಸಾಗುತ್ತಿರುವುದು ಅಲ್ಲೇ. ಮೊದಲು ಚಳಿಗಾಲದ ಮೂಮಿನ್, ಆಮೇಲೆ ರೋನ್ಯಾ. ‘ಮೂಮಿನ್‌ಪಪ್ಪಾ ಅಟ್ ಸೀ’ಯಲ್ಲಿ ಅಪ್ಪನ ಬೇಸರವೂ ಮನೆ ನೆನೆದು ಕೊರಗುವ ಅಮ್ಮನ ಒಂಟಿತನವೂ ತುಂಬಿಕೊಂಡಿರುವುದರಿಂದ ಅದನ್ನು ಮಗುವಿಗೆ ಹನ್ನೆರಡು ದಾಟುವವರೆಗೆ ಎತ್ತಿಡಿ, ನೀವು ಮಾತ್ರ ಈಗಲೇ ಓದಿಕೊಳ್ಳಿ.