ಕಿಮ್ಮತ್ತು, ಕದರು ಮತ್ತು ಎಣಿಸಿ ಕೊಟ್ಟ ಕಾರುಗಳು

ಉರ್ದುವಿನ ದಾರಿಯಾಗಿ ಕನ್ನಡಕ್ಕೆ ಬಂದು ಇಲ್ಲಿಯೇ ನೆಲೆಸಿದ ಎರಡು ಪದಗಳಿವೆ. ಒಂದು ಕಿಮ್ಮತ್ತು, ಇನ್ನೊಂದು ಕದರು. ಉರ್ದುವಿನಲ್ಲಿ ಕೀಮತ್ ಎಂದರೆ ಮಾರುವವನು ಹೇಳುವ, ಕೊಳ್ಳುವವನು ತೆರುವ ಬೆಲೆ. ಕದ್ರ್ ಎಂದರೆ ಒಂದು ವಸ್ತುವಿನ ಅಥವಾ ಮನುಷ್ಯನ ಯೋಗ್ಯತೆಯನ್ನು ಅರಿತವರು ಅದಕ್ಕೆ ಸಲ್ಲಿಸುವ ಮರ್ಯಾದೆ. ಕನ್ನಡಕ್ಕೆ ಬಂದ ಮೇಲೆ ಈ ಎರಡರ ನಡುವಿನ ಗಡಿ ಸ್ವಲ್ಪ ಮಸುಕಾಯಿತು. ‘ಅವನ ಮಾತಿಗೆ ಕಿಮ್ಮತ್ತಿಲ್ಲ’ ಎನ್ನುವಾಗ ನಾವು ಹಣದ ವಿಷಯ ಮಾತಾಡುತ್ತಿರುವುದಿಲ್ಲ. ಆದರೂ ‘ಅವರ ಕದರೇ ಬೇರೆ’ ಎಂದು ಯಾರ ಬಗ್ಗೆಯಾದರೂ ಹೇಳಿದಾಗ, ಅದು ದುಡ್ಡು ಕೊಟ್ಟು ತರುವಂಥದ್ದಲ್ಲ ಎಂಬುದು ಕೇಳಿದವರಿಗೆ ಥಟ್ಟನೆ ಗೊತ್ತಾಗುತ್ತದೆ. ಕಾರುಗಳ ಕುರಿತ ಒಂದು ಚರ್ಚೆಯನ್ನು ವಿಮರ್ಶಿಸಲು ಹೊರಟ ನಮಗೆ ಈ ಎರಡು ಪದಗಳೇ ಊರುಗೋಲು.

ಸ್ಪೋರ್ಟ್ಸ್ ಕಾರುಗಳ ಅಭಿಮಾನಿಗಳ ನಡುವೆ ಎಂದಿಗೂ ಮುಗಿಯದ ಜಗಳವೊಂದಿದೆ. ಕಂಪನಿಯೊಂದು ತನ್ನ ಒಂದು ಮಾದರಿಯನ್ನು ಐನೂರೋ ಸಾವಿರವೋ ಮಾತ್ರ ತಯಾರಿಸುತ್ತೇನೆ, ಮತ್ತೆ ತಯಾರಿಸುವುದಿಲ್ಲ ಎಂದು ಸಾರುತ್ತದೆ. ಪ್ರತಿ ಕಾರಿಗೂ ಕ್ರಮಸಂಖ್ಯೆ ಇರುವ ಪುಟ್ಟ ಫಲಕ ಅಂಟಿಸುತ್ತದೆ. ಇಂಥ ಕಾರಿನ ನಿಜವಾದ ಬೆಲೆ ಯಾವುದು? ವಿರಳವಾದ ವಸ್ತುವಿಗೆ ಬೆಲೆ ಹೆಚ್ಚುವುದು ಸಹಜ, ಆದ್ದರಿಂದ ಅದನ್ನು ಜತನವಾಗಿಟ್ಟುಕೊಳ್ಳುವವನೇ ಜಾಣ ಎನ್ನುತ್ತದೆ ಒಂದು ಪಕ್ಷ. ಓಡಿಸಲೆಂದು ಮಾಡಿದ ಯಂತ್ರವನ್ನು ಮುಸುಕು ಹೊದೆಸಿ ನಿಲ್ಲಿಸುವುದು ಅದನ್ನು ಮಾಡಿದವರಿಗೆ ಮಾಡುವ ಅವಮಾನ ಎನ್ನುತ್ತದೆ ಇನ್ನೊಂದು ಪಕ್ಷ.

ಇದನ್ನು ಉಳ್ಳವರ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ನಮ್ಮ ಓದುಗರಲ್ಲಿ ಬಹುಪಾಲು ಮಂದಿ, ನಾವೂ ಸೇರಿದಂತೆ, ಇಂಥ ಕಾರಿನ ಬಾಗಿಲನ್ನು ಕೂಡ ಮುಟ್ಟುವವರಲ್ಲ. ಆದರೆ ಕೈಯಲ್ಲಿ ಬೇಕಾದಷ್ಟು ಹಣವಿರುವ ಜನ ಬೆಲೆಯ ವಿಷಯದಲ್ಲಿ ಹೇಗೆ ಯೋಚಿಸುತ್ತಾರೆ ಎಂಬುದನ್ನು ಗಮನಿಸುವುದರಲ್ಲಿ ಲಾಭವಿದೆ. ಅವರಿಗೆ ಅಗತ್ಯದ ಒತ್ತಡವಿಲ್ಲ. ಹಾಗಾಗಿ ಆಸೆ, ಪೈಪೋಟಿ, ಪ್ರೀತಿ ಮೂರೂ ಅವರಲ್ಲಿ ಬೇರೆಬೇರೆಯಾಗಿ ಕಾಣುತ್ತವೆ.

ಪೋರ್ಷೆ 911 ಆರ್ ಎಂಬ ಕಾರಿನ ಕತೆಯನ್ನು ನೋಡೋಣ. 2013ರಲ್ಲಿ ಜರ್ಮನಿಯ ಪೋರ್ಷೆ ಕಂಪನಿ ತನ್ನ ಹೊಸ 911 ಜಿಟಿ3 ಮಾದರಿಯನ್ನು ಹೊರತಂದಾಗ ಅದರಲ್ಲಿ ಕ್ಲಚ್ ತುಳಿದು ಕೈಯಿಂದ ಗೇರ್ ಬದಲಿಸುವ ವ್ಯವಸ್ಥೆಯೇ ಇರಲಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮನುಷ್ಯನ ಕೈಗಿಂತ ವೇಗವಾಗಿ ಕೆಲಸ ಮಾಡುತ್ತದೆ, ರೇಸ್ ಪಥದಲ್ಲಿ ಸಮಯ ಉಳಿಸುತ್ತದೆ ಎಂಬುದು ಕಂಪನಿಯ ವಾದವಾಗಿತ್ತು. ಹಳೆಯ ಅಭಿಮಾನಿಗಳು ಸಿಟ್ಟಾದರು. ನಮಗೆ ಬೇಕಾದದ್ದು ಉಳಿದ ಕ್ಷಣಗಳಲ್ಲ, ಕೈಗೂ ಕಾಲಿಗೂ ಕೆಲಸವಿರುವ ಓಟ ಎಂಬುದು ಅವರ ತಕರಾರು. 2016ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಪೋರ್ಷೆ ಅದಕ್ಕೆ ಉತ್ತರ ಕೊಟ್ಟಿತು. ಅದೇ 911 ಆರ್. ನಾಲ್ಕು ಲೀಟರ್ ಎಂಜಿನ್, 500 ಅಶ್ವಶಕ್ತಿ, ಆರು ಗೇರುಗಳು, ಮೂರು ಪೆಡಲ್‌ಗಳು, ತೂಕ 1,370 ಕಿಲೋ. ಬಯಸಿದ್ದೆಲ್ಲ ಅದರಲ್ಲಿತ್ತು. ಆದರೆ ತಯಾರಾದದ್ದು 991 ಕಾರುಗಳು ಮಾತ್ರ. ಅವನ್ನು ಕೊಳ್ಳುವ ಮೊದಲ ಅವಕಾಶ ಸಿಕ್ಕಿದ್ದು, ಅದಕ್ಕೂ ಹಿಂದೆ ಪೋರ್ಷೆ 918 ಎಂಬ ಇನ್ನೂ ದುಬಾರಿ ಕಾರನ್ನು ಕೊಂಡಿದ್ದವರಿಗೆ.

ಮುಂದೆ ಆದದ್ದನ್ನು ಊಹಿಸುವುದು ಕಷ್ಟವಲ್ಲ. ಅಮೆರಿಕದಲ್ಲಿ 1,84,900 ಡಾಲರ್ ಎಂದು ಪಟ್ಟಿಯಲ್ಲಿದ್ದ ಕಾರಿಗೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಹೆಚ್ಚು ಕೇಳುವವರು ಹುಟ್ಟಿಕೊಂಡರು. ಗೇರ್ ಬದಲಿಸುವ ಸುಖಕ್ಕಾಗಿ ದನಿ ಎತ್ತಿದವರು ಒಬ್ಬರು, ಕಾರು ಸಿಕ್ಕಿದ್ದು ಇನ್ನೊಬ್ಬರಿಗೆ. ಸಿಕ್ಕವರಲ್ಲಿಯೂ ಅನೇಕರು ಗೇರ್ ಬದಲಿಸುವ ಗೊಡವೆಗೆ ಹೋಗದೆ ಮಾಲೀಕರನ್ನಷ್ಟೇ ಬದಲಿಸಿದರು.

ಕತೆಯ ತಿರುವು ಬಂದದ್ದು 2017ರಲ್ಲಿ. ಆ ವರ್ಷ ಪೋರ್ಷೆ ತನ್ನ ಹೊಸ ಜಿಟಿ3 ಕಾರಿನಲ್ಲಿ ಅದೇ ನಾಲ್ಕು ಲೀಟರ್ ಗಾತ್ರದ, ಅಷ್ಟೇ ಅಶ್ವಶಕ್ತಿಯ ಎಂಜಿನ್ನಿಗೆ ಕೈಗೇರನ್ನು ಮರಳಿ ತಂದಿತು. ಅದಕ್ಕೆ ಹೆಚ್ಚು ಹಣವನ್ನೂ ಕೇಳಲಿಲ್ಲ. ಅದೇ ವರ್ಷ ಹಿಂಬದಿಯ ದೊಡ್ಡ ರೆಕ್ಕೆ ಇಲ್ಲದ ಟೂರಿಂಗ್ ಎಂಬ ರೂಪವೂ ಬಂತು, ಯಾವ ಸಂಖ್ಯಾಮಿತಿಯೂ ಇಲ್ಲದೆ. 911 ಆರ್‌ನ ಬೆಲೆ ತನ್ನ ಶಿಖರದಿಂದ ಕೆಳಗಿಳಿಯಿತು. ಆ ಕಾರಿನ ಒಂದು ತಿರುಪು ಕೂಡ ಬದಲಾಗಿರಲಿಲ್ಲ. ನಿನ್ನೆ ಓಡಿದಂತೆಯೇ ಇಂದೂ ಓಡುತ್ತಿತ್ತು. ಬದಲಾದದ್ದು ಕಂಪನಿಯ ಮುಂದಿನ ನಿರ್ಧಾರ ಮಾತ್ರ. ನಮ್ಮ ಮೊದಲ ಮಾತು ಇಲ್ಲಿಂದ ಹೊರಡುತ್ತದೆ. ಸೀಮಿತ ಸಂಖ್ಯೆ ಎಂಬುದು ಕಾರಿನ ಗುಣವಲ್ಲ, ಅದು ತಯಾರಕನು ಕೊಟ್ಟ ವಚನ. ಆ ಸಂಖ್ಯೆಗಾಗಿ ಹೆಚ್ಚು ಹಣ ಕೊಟ್ಟವರು ವಚನವನ್ನು ಕೊಂಡವರು. ಪೋರ್ಷೆ ವಚನವನ್ನೇನೂ ಮುರಿಯಲಿಲ್ಲ, 991ಕ್ಕೆ 992ನೆಯ ಕಾರನ್ನು ಸೇರಿಸಲಿಲ್ಲ. ಬಯಕೆಗೆ ಬೇರೊಂದು ಬಾಗಿಲು ತೆರೆಯಿತು, ಅಷ್ಟೆ. ಓಡಿಸಲು ಬಯಸಿದವರಿಗೆ ಅದು ಶುಭ ಸುದ್ದಿ, ಕೂಡಿಟ್ಟವರಿಗೆ ನಷ್ಟದ ಸುದ್ದಿ. ಯಾರು ಯಾತಕ್ಕಾಗಿ ಕೊಂಡಿದ್ದರು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದ ಪರೀಕ್ಷೆ ಇನ್ನೊಂದಿರಲಾರದು.

ಕೊಂಡು ಕೂಡಲೇ ಮಾರುವವರನ್ನು ತಡೆಯಲು ಕಂಪನಿಗಳು ಪ್ರಯತ್ನಿಸಿಲ್ಲವೆಂದಲ್ಲ. ಫೋರ್ಡ್ ತನ್ನ ಜಿಟಿ ಕಾರಿಗೆ 2016ರಲ್ಲಿ ಅರ್ಜಿ ಕರೆಯಿತು. ಐನೂರು ಕಾರುಗಳಿಗೆ ಬಂದ ಅರ್ಜಿಗಳು ಆರೂವರೆ ಸಾವಿರ. ಆಯ್ಕೆಯಾದವರು ಎರಡು ವರ್ಷ ಮಾರಬಾರದೆಂಬ ಕರಾರು ಇತ್ತು. ಕುಸ್ತಿಪಟು ಮತ್ತು ನಟ ಜಾನ್ ಸೀನಾ ಅವಧಿಗೆ ಮುಂಚೆಯೇ ಮಾರಿದರೆಂದು ಕಂಪನಿ 2017ರಲ್ಲಿ ಮೊಕದ್ದಮೆ ಹೂಡಿತು. 2018ರಲ್ಲಿ ರಾಜಿಯಾಗಿ, ಆ ಹಣ ದತ್ತಿ ಕಾರ್ಯಕ್ಕೆ ಹೋಯಿತು. ಪೋರ್ಷೆಯೂ 2023ರಲ್ಲಿ 1,963 ಕಾರುಗಳಿಗೆ ಸೀಮಿತವಾದ 911 ಎಸ್/ಟಿ ಮಾದರಿಯನ್ನು ಪ್ರಕಟಿಸಿದಾಗ, ಅಮೆರಿಕದ ಗ್ರಾಹಕರು ಮೊದಲ ಒಂದು ವರ್ಷ ಅದನ್ನು ಗುತ್ತಿಗೆಯ ಮೇಲೆ ಮಾತ್ರ ಇಟ್ಟುಕೊಳ್ಳಬೇಕೆಂದು ವಿಧಿಸಿತು. ಈ ಕ್ರಮಗಳಲ್ಲಿ ಕಾಳಜಿ ಇರಬಹುದು. ಆದರೆ ಬೇಡಿಕೆಗಿಂತ ಕಡಿಮೆ ತಯಾರಿಸಿ, ಆ ಕೊರತೆಯನ್ನೇ ಜಾಹೀರಾತು ಮಾಡಿ, ಆಮೇಲೆ ಕೊರತೆಯಿಂದ ಲಾಭ ಮಾಡಿಕೊಂಡವನನ್ನು ಗದರುವುದರಲ್ಲಿ ಒಂದು ವಿಪರ್ಯಾಸವಿದೆ. ಅಭಿಮಾನಿಗಳು ದಲ್ಲಾಳಿಯನ್ನು ಬಯ್ಯುವ ಆವೇಶದಲ್ಲಿ ಇದನ್ನು ಮರೆಯುತ್ತಾರೆ.

ಕಡಿಮೆ ಇದ್ದರೆ ಸಾಕು, ಬೆಲೆ ತಾನಾಗಿ ಬರುತ್ತದೆ ಎಂಬ ನಂಬಿಕೆಯಾದರೂ ನಿಜವೇ? 1987ರಲ್ಲಿ ಫೆರಾರಿ ಕಂಪನಿ ಎಫ್40 ಕಾರನ್ನು ಹೊರತಂದಾಗ ಯೋಜನೆ ಇದ್ದದ್ದು ಸುಮಾರು 400 ಕಾರುಗಳಿಗೆ. ಕೊನೆಗೆ ತಯಾರಾದದ್ದು 1,300ಕ್ಕೂ ಹೆಚ್ಚು. ಮರುವರ್ಷ, 1988ರಲ್ಲಿ, ಇಂಗ್ಲೆಂಡಿನ ಜಾಗ್ವಾರ್ ತನ್ನ ಎಕ್ಸ್‌ಜೆ220 ಕಾರನ್ನು ಬರ್ಮಿಂಗ್‌ಹ್ಯಾಮ್ ಪ್ರದರ್ಶನದಲ್ಲಿ ತೋರಿಸಿತು. ಹನ್ನೆರಡು ಸಿಲಿಂಡರಿನ ಎಂಜಿನ್, ನಾಲ್ಕೂ ಚಕ್ರಗಳಿಗೆ ಶಕ್ತಿ ಎಂದು ಜನ ಬೆರಗಾದರು. 50,000 ಪೌಂಡ್ ಮುಂಗಡ ಕೊಟ್ಟು ಹೆಸರು ಬರೆಸಲು ನೂಕುನುಗ್ಗಲಾಯಿತು. ಅವರಲ್ಲಿ ಎಷ್ಟೋ ಮಂದಿ ಕಾರು ಕೈಸೇರುವ ಮೊದಲೇ ಅದನ್ನು ಮಾರುವ ಲೆಕ್ಕ ಹಾಕಿದ್ದರು. ತಯಾರಾಗಿ ಬಂದ ಕಾರಿನಲ್ಲಿ ಇದ್ದದ್ದು ಆರು ಸಿಲಿಂಡರಿನ ಟರ್ಬೊ ಎಂಜಿನ್, ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಅಷ್ಟರಲ್ಲಿ ಆರ್ಥಿಕ ಕುಸಿತವೂ ಬಂದಿತ್ತು. ಮುಂಗಡ ಕೊಟ್ಟವರು ಕಾರು ಬೇಡವೆಂದರು, ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. 1992ರಿಂದ 1994ರವರೆಗೆ ತಯಾರಾದ ಆ ಕಾರುಗಳು ಸುಮಾರು 280 ಮಾತ್ರ. ಎಫ್40 ಅದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಸಂಖ್ಯೆಯಲ್ಲಿದ್ದರೂ ಮಾರುಕಟ್ಟೆಯಲ್ಲಿ ಅದರ ಬೆಲೆ ಜಾಗ್ವಾರಿನದಕ್ಕಿಂತ ಎಷ್ಟೋ ಮೇಲೆ ನಿಂತಿದೆ. ಜಾಗ್ವಾರಾದರೋ ಹೊಸದಾಗಿದ್ದಾಗಿನ ಬೆಲೆಗಿಂತ ಕೆಳಗೆ ವರ್ಷಗಟ್ಟಲೆ ಬಿದ್ದಿತ್ತು. ವಿರಳತೆಯೇ ಬೆಲೆಯ ತಾಯಿ ಎನ್ನುವವರು ಈ ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬೇಕು.

ವಿರಳತೆಯಲ್ಲಿಯೂ ಜಾತಿಗಳಿವೆ ಎಂಬುದು ನಮ್ಮ ಎರಡನೆಯ ಮಾತು. ಘೋಷಿಸಿ ಮಾಡಿದ ವಿರಳತೆ ಒಂದು, ತಾನಾಗಿ ಒದಗಿದ ವಿರಳತೆ ಇನ್ನೊಂದು. 1962ರಿಂದ 1964ರವರೆಗೆ ಫೆರಾರಿ ತಯಾರಿಸಿದ 250 ಜಿಟಿಒ ಕಾರುಗಳು 36. ಅವನ್ನು ಕಡಿಮೆ ಮಾಡಿದ್ದು ಸಂಗ್ರಾಹಕರ ಕಪಾಟಿಗಾಗಿ ಅಲ್ಲ, ರೇಸಿಗಾಗಿ. ಹೊಸ ರೇಸ್ ಕಾರುಗಳು ಬಂದ ಮೇಲೆ ಇವು ಬರೀ ಹಳೆಯ ಕಾರುಗಳಾದವು. ಅವುಗಳಲ್ಲೊಂದನ್ನು ಅದರ ಒಡೆಯ ಟೆಕ್ಸಾಸಿನ ಒಂದು ಶಾಲೆಗೆ, ಮಕ್ಕಳು ರಿಪೇರಿ ಕಲಿಯಲೆಂದು ಕೊಟ್ಟುಬಿಟ್ಟ. 1972ರಲ್ಲಿ ಅದು 6,500 ಡಾಲರಿಗೆ ಮಾರಾಟವಾಗಿ, ಬಳಿಕ ಓಹಾಯೊದಲ್ಲಿ ವರ್ಷಗಟ್ಟಲೆ ಬಯಲಿನಲ್ಲಿ ಮಳೆಬಿಸಿಲಿಗೆ ನಿಂತಿತ್ತು. ಅದೇ ಮಾದರಿಯ ಇನ್ನೊಂದು ಕಾರು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ಬಯಲಿನಲ್ಲಿ ನಿಂತಿದ್ದಾಗಲೂ ಜಗತ್ತಿನಲ್ಲಿ ಆ ಕಾರುಗಳ ಸಂಖ್ಯೆ ನಲವತ್ತನ್ನು ಮುಟ್ಟುತ್ತಿರಲಿಲ್ಲ. ಸಂಖ್ಯೆ ಆಗಲೂ ಅಷ್ಟೇ, ಈಗಲೂ ಅಷ್ಟೇ. ಅವು ಗೆದ್ದ ರೇಸುಗಳ ನೆನಪು ಮಾಗಿ, ಅರಿತು ನೋಡುವ ಕಣ್ಣುಗಳು ಹುಟ್ಟಿದ ಮೇಲೆ ಕಿಮ್ಮತ್ತು ಬಂತು. ಕದರು ಮೊದಲೇ ಇತ್ತು.

ಸಂಖ್ಯೆಯೂ ಕಲ್ಲಿನ ಮೇಲೆ ಕೊರೆದದ್ದೇನಲ್ಲ. ಜಾಗ್ವಾರ್ 1963ರಲ್ಲಿ ಹಗುರ ದೇಹದ ಹದಿನೆಂಟು ಇ-ಟೈಪ್ ರೇಸ್ ಕಾರುಗಳನ್ನು ಯೋಜಿಸಿ ಹನ್ನೆರಡನ್ನು ಮಾತ್ರ ಕಟ್ಟಿತ್ತು. ಉಳಿದ ಆರನ್ನು ಈಗ ಕಟ್ಟುತ್ತೇವೆ ಎಂದು 2014ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ, ಘೋಷಿಸಿತು. ಇವು ಅಸಲಿಯೋ ನಕಲಿಯೋ ಎಂಬ ವಾದ ಸಂಗ್ರಾಹಕರಲ್ಲಿ ಎದ್ದಿತು. ಕಟ್ಟಿದ್ದು ಅದೇ ಕಂಪನಿ, ಬಳಸಿದ್ದು ಬಾಕಿ ಉಳಿದಿದ್ದ ಅದೇ ಸಂಖ್ಯೆಗಳು. ಇಲ್ಲದ್ದು ಒಂದೇ, 1963.

ಇನ್ನು ಜಗಳದ ತಿರುಳಿಗೆ ಬರೋಣ. ಓಡಿಸಬೇಕೋ, ಇಡಬೇಕೋ? ಮ್ಯಾಕ್‌ಲ್ಯಾರೆನ್ ಎಫ್1 ಎಂಬ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. ಗಾರ್ಡನ್ ಮರ್ರೆ ಎಂಬ ವಿನ್ಯಾಸಕಾರ ರೂಪಿಸಿದ, ಚಾಲಕನು ನಟ್ಟನಡುವೆ ಕೂರುವ ಈ ಕಾರನ್ನು ಸುಮಾರು ಮುನ್ನೂರು ತಯಾರಿಸುವ ಆಸೆ ಕಂಪನಿಗಿತ್ತು. ಕೊಳ್ಳುವವರು ಸಾಕಷ್ಟು ಸಿಗದೆ 1998ರಲ್ಲಿ ಎಲ್ಲ ಬಗೆಯವೂ ಸೇರಿ 106ಕ್ಕೆ ನಿಂತಿತು. ಇಲ್ಲಿಯೂ ವಿರಳತೆ ಬಂದದ್ದು ಸೋಲಿನಿಂದಲೇ.

ಈ 106ರಲ್ಲಿ ಎರಡು ಕಾರುಗಳ ಬಾಳು ಎರಡು ಬಗೆ. ಒಂದನ್ನು ‘ಮಿಸ್ಟರ್ ಬೀನ್’ ಪಾತ್ರದಿಂದ ನಾವೆಲ್ಲ ಬಲ್ಲ ನಟ ರೋವನ್ ಆಟ್ಕಿನ್ಸನ್ 1997ರಲ್ಲಿ ಕೊಂಡರು. ಸಾಮಾನ್ಯ ಕಾರಿನಂತೆ ಓಡಿಸಿದರು. ಎರಡು ಸಲ ಅಪಘಾತವಾಯಿತು. 2011ರ ಅಪಘಾತದ ಬಳಿಕ ದುರಸ್ತಿಗೆ ವಿಮೆ ಕಂಪನಿ ತೆತ್ತದ್ದು ಸುಮಾರು 9,10,000 ಪೌಂಡ್, ಅಂದರೆ ಕೊಂಡ ಬೆಲೆಗಿಂತಲೂ ಹೆಚ್ಚು. ಆ ಮೇಲೂ ಓಡಿಸಿ, 41,000 ಮೈಲಿ ದಾಟಿದ ಕಾರನ್ನು 2015ರಲ್ಲಿ 80 ಲಕ್ಷ ಪೌಂಡಿಗೆ ಮಾರಿದರು. ಇನ್ನೊಂದು ಕಾರು 2021ರಲ್ಲಿ ಅಮೆರಿಕದ ಪೆಬ್ಬಲ್ ಬೀಚ್ ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಮೇಲ್ಪಟ್ಟು ಮಾರಾಟವಾಯಿತು. ಅದು ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ಓಡಿದ್ದು 242 ಮೈಲಿ.

ಎರಡೂ ಬೇರೆ ವರ್ಷದ ವ್ಯವಹಾರಗಳು, ಹಣದ ಅಂಕಿಗಳನ್ನು ನೇರವಾಗಿ ತೂಗಿ ನೋಡುವುದು ಸರಿಯಲ್ಲ. ಆದರೆ ಮಾರುಕಟ್ಟೆಯ ನಿಯಮ ಸ್ಪಷ್ಟವಿದೆ. ಕಡಿಮೆ ಓಡಿದಷ್ಟೂ ಬೆಲೆ ಹೆಚ್ಚು. ಅಂದರೆ ಕಾರನ್ನು ಕಾರಾಗಿ ಬಳಸಿದ ಪ್ರತಿ ಮೈಲಿಗೂ ಒಡೆಯ ದಂಡ ತೆರುತ್ತಾನೆ. ಗಂಟೆಗೆ ಇನ್ನೂರು ಮೈಲಿ ಮೀರಿ ಓಡಬಲ್ಲುದೆಂಬ ಕಾರಣಕ್ಕೆ ಹೆಸರಾದ ಯಂತ್ರ, ಓಡದೆ ಉಳಿದ ಕಾರಣಕ್ಕೆ ದುಬಾರಿಯಾಗುತ್ತದೆ.

ಕೂಡಿಡುವವರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಎಲ್ಲರೂ ಓಡಿಸಿ ಸವೆಸಿದ್ದರೆ, ಆ ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತು, ಯಾವ ಬಣ್ಣ ಬಳಿದಿದ್ದರು, ಯಾವ ಹೊಲಿಗೆ ಹಾಕಿದ್ದರು ಎಂಬುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಹಸ್ತಪ್ರತಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದನ್ನು ನಾವು ಆಕ್ಷೇಪಿಸುವುದಿಲ್ಲ, ಏಕೆಂದರೆ ಅದರೊಳಗಿನ ಮಾತನ್ನು ಅಚ್ಚಿನ ಪ್ರತಿಯಲ್ಲಿ ಓದಬಹುದು. ಕಾರಿಗೆ ಆ ಅನುಕೂಲವಿಲ್ಲ. ಅದರ ಮಾತು ಇರುವುದೇ ಅದರ ಓಟದಲ್ಲಿ. ಅದೂ ಅಲ್ಲದೆ, ನಿಲ್ಲಿಸಿದ ಕಾರು ಕೆಡದೆ ಇರುತ್ತದೆಂಬುದು ಭ್ರಮೆ. ಟೈರು ಗಡುಸಾಗುತ್ತದೆ, ರಬ್ಬರಿನ ಸೀಲುಗಳು ಒಣಗಿ ಬಿರಿಯುತ್ತವೆ, ಬ್ರೇಕಿನ ದ್ರವ ತೇವ ಹೀರುತ್ತದೆ. ಬಳಸಿದರೆ ಸವೆಯುತ್ತದೆ, ಬಳಸದಿದ್ದರೆ ಕೊಳೆಯುತ್ತದೆ.

ಕತೆ ಬರೆಯುವ ನಮಗೆ ಈ ಚರ್ಚೆಯಲ್ಲಿ ಎದ್ದು ಕಾಣುವುದು ಇದು: ತಾನೇನೂ ಮಾಡದೆ, ತನಗೇನೂ ಆಗದೆ ಉಳಿದ ಪಾತ್ರದ ಬಗ್ಗೆ ಬರೆಯಲು ಏನಿದೆ? 242 ಮೈಲಿಯ ಕಾರಿನ ಬಗ್ಗೆ ಹೇಳಬಹುದಾದದ್ದು ಆ ಅಂಕಿಯೊಂದೇ. ಮರಕ್ಕೆ ಗುದ್ದಿ, ಎಂಜಿನ್ ಕಳಚಿ ಬಿದ್ದು, ಮತ್ತೆ ಜೋಡಣೆಗೊಂಡು ರಸ್ತೆಗಿಳಿದ ಕಾರಿನ ಬಗ್ಗೆ ಹೇಳಲು ಒಂದು ಬಾಳೇ ಇದೆ. ಮೊದಲನೆಯದಕ್ಕೆ ಕಿಮ್ಮತ್ತು ಹೆಚ್ಚೆಂದು ಹರಾಜುದಾರ ಹೇಳಿದರೆ ನಮ್ಮ ತಕರಾರಿಲ್ಲ, ಅದು ಅವನ ಕಸುಬು. ಆದರೆ ಅಭಿಮಾನಿ ಎನಿಸಿಕೊಂಡವನೂ ಹರಾಜುದಾರನ ಭಾಷೆಯಲ್ಲೇ ಮಾತಾಡತೊಡಗಿದಾಗ ತಾನು ಪ್ರೀತಿಸಿದ್ದನ್ನು ತಾನೇ ಬಿಟ್ಟುಕೊಟ್ಟಂತಾಗುತ್ತದೆ. 911 ಆರ್‌ಗಾಗಿ ದನಿ ಎತ್ತಿದವರು ಕೇಳಿದ್ದು ಒಂದು ಗೇರ್ ಕಡ್ಡಿಯನ್ನು. ಅವರಿಗೆ ಮೊದಲು ಸಿಕ್ಕಿದ್ದು ಒಂದು ಸಂಖ್ಯೆ. ಆ ಸಂಖ್ಯೆಯ ಬಗ್ಗೆಯೇ ಜಗಳವಾಡುತ್ತ ಅವರಲ್ಲಿ ಅನೇಕರು ಗೇರ್ ಕಡ್ಡಿಯನ್ನು ಮರೆತರು.

ಆದ್ದರಿಂದ ಇಂಥ ಕಾರಿನ ಯೋಗ್ಯತೆ ತೂಗುವಾಗ ‘ಎಷ್ಟು ಮಾಡಿದ್ದಾರೆ?’ ಎಂಬುದು ಕೊನೆಯ ಪ್ರಶ್ನೆಯಾಗಬೇಕು. ಬೇರೆ ಕಾರಿಗೆ ಆಗದ ಯಾವುದನ್ನು ಇದು ಮಾಡುತ್ತದೆ? ಅದನ್ನು ಎಂದಾದರೂ ಮಾಡಿದೆಯೇ? ಮಾಡುವಾಗ ಯಾರಾದರೂ ಕಂಡಿದ್ದಾರೆಯೇ? ಈ ಮೂರಕ್ಕೂ ಉತ್ತರವಿರುವ ಕಾರು ಸಾವಿರದ ಮುನ್ನೂರು ಇದ್ದರೂ ಅದಕ್ಕೊಂದು ಕದರು ಇರುತ್ತದೆ. ಉತ್ತರವಿಲ್ಲದ ಕಾರು ಜಗತ್ತಿಗೆ ಒಂದೇ ಇದ್ದರೂ ಅದಕ್ಕಿರುವುದು ಕಿಮ್ಮತ್ತು ಮಾತ್ರ, ಅದೂ ಕಂಪನಿ ತನ್ನ ಮುಂದಿನ ಮಾದರಿಯನ್ನು ಪ್ರಕಟಿಸುವ ದಿನದವರೆಗೆ.