ಬೆನ್ನ ಹಿಂದಿನ ಗಾಳಿ

ಎದುರುಗಾಳಿಯನ್ನು ಶತ್ರುವೆಂದೂ ಬೆನ್ನ ಹಿಂದಿನ ಗಾಳಿಯನ್ನು ನಂಟನೆಂದೂ ಎಣಿಸುವುದು ದೋಣಿ ನಡೆಸುವವರಲ್ಲಿ ಹಳೆಯ ರೂಢಿ. ಕನೂವಿನ ಮಟ್ಟಿಗೆ, ಅಂದರೆ ಎರಡೂ ತುದಿ ಚೂಪಾಗಿ, ಮೇಲ್ಭಾಗ ತೆರೆದಿದ್ದು, ಒಂದೇ ಅಲಗಿನ ಹುಟ್ಟಿನಿಂದ ಸಾಗುವ ದೋಣಿಯ ಮಟ್ಟಿಗೆ, ಈ ಎಣಿಕೆ ತಲೆಕೆಳಗಾದದ್ದು. ಕಳೆದ ವಾರ ಅರ್ಧಕ್ಕೆ ನಿಂತ ‘ಜೆ’ ಹೊಡೆತದ ಚರ್ಚೆ ಈ ವಾರ ಮುಗಿಯಬೇಕಿತ್ತು. ಆದರೆ ಹುಟ್ಟನ್ನು ಹಿಂದಕ್ಕೆಳೆದು, ಕೊನೆಯಲ್ಲಿ ಮಣಿಕಟ್ಟನ್ನು ತಿರುವಿ, ಅಲಗನ್ನು ಹೊರಕ್ಕೆ ಒತ್ತಿ ದೋಣಿಯನ್ನು ನೇರಕ್ಕೆ ತರುವ ಆ ಹೊಡೆತ ಮುಖ್ಯವಾಗಿ ಶಾಂತ ನೀರಿನ ವಿದ್ಯೆ. ಗಾಳಿ ಹಿಂದಿನಿಂದ ಬಂದಾಗ ಅದು ಏಕೆ ಕೈಕೊಡುತ್ತದೆ ಎಂಬುದು ಅದಕ್ಕಿಂತ ತುರ್ತಿನ ಪ್ರಶ್ನೆ, ಅದಕ್ಕೆ 1978ರ ಜೂನ್ 11ರಂದು ಕೆನಡಾದ ಟಿಮಿಸ್ಕಮಿಂಗ್ ಸರೋವರದಲ್ಲಿ ನಡೆದದ್ದಕ್ಕಿಂತ ಕಠೋರವಾದ ಉದಾಹರಣೆ ಸಿಗಲಾರದು.

ಒಂಟಾರಿಯೊ ಪ್ರಾಂತ್ಯದ ಒಂದು ಹುಡುಗರ ಶಾಲೆಯ 27 ವಿದ್ಯಾರ್ಥಿಗಳು, ಜೊತೆಗೆ ನಾಲ್ವರು ಹಿರಿಯರು, ತಲಾ 22 ಅಡಿ ಉದ್ದದ ನಾಲ್ಕು ಕನೂಗಳಲ್ಲಿ ಆ ದಿನ ಸರೋವರದ ದಕ್ಷಿಣ ತುದಿಯಿಂದ ಉತ್ತರಕ್ಕೆ, ದೂರದ ಜೇಮ್ಸ್ ಕೊಲ್ಲಿಯ ಗುರಿಯಿಟ್ಟುಕೊಂಡು ಹೊರಟರು. ರಾತ್ರಿಯಿಡೀ ರಸ್ತೆಯ ಮೇಲೆ ಕಳೆದು ಬಂದವರಿಗೆ ನಿದ್ದೆಯಾಗಿರಲಿಲ್ಲ. ಟಿಮಿಸ್ಕಮಿಂಗ್ ವಾಸ್ತವದಲ್ಲಿ ಒಟ್ಟಾವಾ ನದಿ ಹಿಗ್ಗಿ ಆದ ಸರೋವರ. ಒಂಟಾರಿಯೊ ಮತ್ತು ಕ್ವಿಬೆಕ್‌ಗಳ ಗಡಿಯಲ್ಲಿ 100 ಕಿಲೊಮೀಟರಿಗೂ ಮಿಕ್ಕಿ ಉದ್ದಕ್ಕೆ ಚಾಚಿರುವ ಈ ಕಿರಿದಾದ, ಆಳವಾದ ನೀರಿನ ಮೇಲೆ ಗಾಳಿ ಕೊಳವೆಯೊಳಗೆ ನುಗ್ಗಿದಂತೆ ನುಗ್ಗುತ್ತದೆ. ಅಂದು ಗಾಳಿ ಬೆನ್ನ ಹಿಂದಿತ್ತು. ಒಂದು ಕನೂ ಹಿಡಿತ ತಪ್ಪಿ ಮಗುಚಿತು, ರಕ್ಷಣೆಗೆಂದು ಬಂದವೂ ಮಗುಚಿದವು, ಮತ್ತು ದಿನ ಮುಗಿಯುವಷ್ಟರಲ್ಲಿ 12 ಹುಡುಗರೂ ಒಬ್ಬ ಹಿರಿಯರೂ ತೀರಿಕೊಂಡಿದ್ದರು. ಅವರ ಮೈಮೇಲೆ ತೇಲುಜಾಕೆಟ್ ಇತ್ತು. ಅವರನ್ನು ಕೊಂದದ್ದು ಚಳಿ.

ಹಿಂದಿನಿಂದ ಬೀಸುವ ಗಾಳಿಯ ಮೊದಲ ಮೋಸ ಹೊರಡುವ ದಡದಲ್ಲಿಯೇ ಇರುತ್ತದೆ. ಅಲೆಯ ಎತ್ತರವನ್ನು ನಿರ್ಧರಿಸುವುದು ಗಾಳಿಯ ಬಿರುಸೊಂದೇ ಅಲ್ಲ, ಅದು ನೀರಿನ ಮೇಲೆ ತಡೆಯಿಲ್ಲದೆ ಓಡಿಬಂದ ದೂರವೂ ಹೌದು. ಹೀಗಾಗಿ ಎದುರುಗಾಳಿಗೆ ಹೊರಟವನಿಗೆ ದೊಡ್ಡ ಅಲೆ ದಡದಲ್ಲಿಯೇ ಎದುರಾಗಿ ಮನೆಗೆ ಹೋಗೆಂದು ಎಚ್ಚರಿಸಿದರೆ, ಗಾಳಿಯ ಜೊತೆಗೆ ಹೊರಟವನಿಗೆ ಮೊದಲ ಮೈಲಿ ಕೆರೆಯಂತೆ ಕಂಡು, ಮುಂದೆ ಹೋದಂತೆಲ್ಲ ಅಲೆ ಎತ್ತರವಾಗುತ್ತದೆ, ಆ ಹೊತ್ತಿಗೆ ಹಿಂದಿರುಗುವುದೆಂದರೆ ಅದೇ ಅಲೆಗಳಿಗೆ ದೋಣಿಯನ್ನು ಅಡ್ಡ ತಿರುಗಿಸುವುದೆಂದೇ ಅರ್ಥ.

ಎರಡನೆಯ ಮೋಸ ದೋಣಿಯ ಕೆಳಗೆ ನಡೆಯುವಂಥದ್ದು. ಅಲೆಯ ನೆತ್ತಿಯಲ್ಲಿ ನೀರು ಅಲೆಯ ಜೊತೆಗೆ ಮುಂದಕ್ಕೆ ಚಲಿಸುತ್ತದೆ, ತಗ್ಗಿನಲ್ಲಿ ಹಿಂದಕ್ಕೆ. ಹಿಂದಿನಿಂದ ಬಂದ ಅಲೆ ಕನೂವಿನ ಹಿಂತುದಿಯನ್ನು ಎತ್ತಿದಾಗ ಹಿಂತುದಿ ಮುಂದಕ್ಕೆ ಹರಿಯುವ ನೀರಿನಲ್ಲಿಯೂ ಮೂತಿ ಹಿಂದಕ್ಕೆ ಹರಿಯುವ ನೀರಿನಲ್ಲಿಯೂ ಸಿಕ್ಕಿಕೊಳ್ಳುತ್ತವೆ. ಮೂತಿ ಹೂತು ನಿಂತು, ಹಿಂತುದಿ ಅದನ್ನು ಹಿಂದಿಕ್ಕಲು ಹವಣಿಸಿ, ದೋಣಿ ಗಿರ್ರನೆ ಅಡ್ಡಕ್ಕೆ ತಿರುಗುತ್ತದೆ. ಇದೇ ಗಳಿಗೆಯಲ್ಲಿ ಹಿಂದೆ ಕುಳಿತು ದಿಕ್ಕು ಹಿಡಿದವನ ಹುಟ್ಟಿನ ಸುತ್ತಲಿನ ನೀರು ದೋಣಿಯ ಜೊತೆಗೇ ಓಡುತ್ತಿರುವುದರಿಂದ ಅಲಗಿಗೆ ಒತ್ತಲು ಏನೂ ಸಿಗುವುದಿಲ್ಲ, ಅವನು ಎಷ್ಟೇ ಬಲವಾಗಿ ತಳ್ಳಿದರೂ ಹಿಟ್ಟಿನಲ್ಲಿ ಕೋಲಾಡಿಸಿದಂತೆ. ಅಡ್ಡಬಿದ್ದ ತೆರೆದ ದೋಣಿಗೆ ಮುಂದಿನ ಅಲೆಯೇ ಸಾಕು. ಬಲ್ಲವರು ಬೆನ್ನ ಗಾಳಿಯಲ್ಲಿ ಒಂದು ಗಂಟನ್ನೋ ಡಬ್ಬಿಯನ್ನೋ ಎರಡಡಿ ಹಿಂದಕ್ಕೆ ಸರಿಸಿ, ಹಿಂತುದಿಯ ಭಾರ ಹೆಚ್ಚಿಸಿ, ಮೂತಿಯನ್ನು ಹಗುರಗೊಳಿಸುತ್ತಾರೆ. ಏಳೆಂಟು ಮಂದಿ ಸಾಮಾನಿನ ಸಮೇತ ಇಕ್ಕಟ್ಟಾಗಿ ಕುಳಿತ ದೋಣಿಯಲ್ಲಿ ಸರಿಸಲು ಜಾಗವೇ ಇರುವುದಿಲ್ಲ.

(ತಲೆಬಾಲವಿಲ್ಲದ ಹರಿಗೋಲಿಗೆ ಈ ಸಂಕಟವಿಲ್ಲ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯಸ್ ತುಂಗಭದ್ರೆಯ ಮೇಲೆ ಕಂಡ ಬುಟ್ಟಿಯಾಕಾರದ, ಚರ್ಮ ಹೊದಿಸಿದ ದೋಣಿಗಳ ಬಗ್ಗೆ ಬರೆಯುತ್ತ, ಅವು ನೇರ ಹೋಗಲಾರದೆ ಸುತ್ತುತ್ತಲೇ ಇರುವುದನ್ನು ಕುಂದೆಂಬಂತೆ ದಾಖಲಿಸಿದ. ಸುತ್ತುವುದೇ ಸ್ವಭಾವವಾದ ದೋಣಿಗೆ ಅಡ್ಡ ಬೀಳುವ ಪ್ರಶ್ನೆಯೇ ಏಳುವುದಿಲ್ಲ ಎಂಬುದು ಅವನಿಗೆ ಹೊಳೆದಂತಿಲ್ಲ.)

ರಕ್ಷಣೆಯ ವಿಷಯದಲ್ಲಿ ಪಠ್ಯಪುಸ್ತಕಗಳ ವಿಧಾನವೆಂದರೆ ಮಗುಚಿದ ಕನೂವನ್ನು ಇನ್ನೊಂದು ಕನೂವಿನ ಮೇಲೆ ಅಡ್ಡಲಾಗಿ ಎಳೆದು, ನೀರು ಬಸಿದು, ಮರಳಿ ಇಳಿಸುವುದು. ಅದು 16 ಅಡಿಯ, ಇಬ್ಬರ ದೋಣಿಗೆ ಸರಿ. 22 ಅಡಿಯ, ನೀರು ತುಂಬಿದ ದೋಣಿಯನ್ನು ಮಕ್ಕಳು ಅಲೆಯ ನಡುವೆ ಎತ್ತುವುದು ಆಗದ ಮಾತು, ಬದಲಿಗೆ ಈಜುತ್ತಿರುವವರು ಅಂಚು ಹಿಡಿದು ಜೋತಾಗ ಬಂದ ದೋಣಿಯೂ ವಾಲುತ್ತದೆ. ತಣ್ಣೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿ ಕಸಿಯುತ್ತದೆ. ಮನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಪ್ರಚಾರಕ್ಕೆ ತಂದ ಲೆಕ್ಕದಂತೆ, ತಣ್ಣೀರಿಗೆ ಬಿದ್ದವನಿಗೆ ಉಸಿರು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಒಂದು ಗಂಟೆ. ಜಾಕೆಟ್ ಆ ಗಂಟೆಯ ಉದ್ದಕ್ಕೂ ತಲೆಯನ್ನು ನೀರಿನ ಮೇಲಿಡಬಲ್ಲದು, ಹನ್ನೊಂದನೆಯ ನಿಮಿಷದಲ್ಲಿ ಬೆರಳು ಮಡಚಿಸಲಾರದು.

ಬಳಲಿಕೆಯೇ ಗುರುವೆಂದು ಸಾರುವ ಪಂಥದ ಜೊತೆ ಈ ಅಂಕಣದ ತಗಾದೆ ಹಳೆಯದು. ಮುಂದೆ ಕೆನಡಾದ ಪ್ರಧಾನಿಯಾದ ಪಿಯರ್ ಟ್ರೂಡೊ 1944ರಲ್ಲಿ ಬರೆದ ಪ್ರಬಂಧದಲ್ಲಿ ಕನೂ ಪಯಣವನ್ನು ತಪಸ್ಸಿಗೆ ಹೋಲಿಸಿದ್ದು ಪಂಥದವರಿಗೆ ಇಂದಿಗೂ ಪ್ರಿಯ. ಆದರೆ ತಪಸ್ಸು ಬಯಸಿ ಕೈಗೊಳ್ಳುವಂಥದ್ದು, ಟ್ರೂಡೊ ವಯಸ್ಕನಾಗಿ ಬಯಸಿದ್ದನ್ನು ಶಾಲೆಯ ದಿನಚರಿಯಾಗಿ ಮಕ್ಕಳ ಮೇಲೆ ಹೇರಿದರೆ ಅದು ಬೇರೆಯೇ ಸಂಗತಿ. ಜೇಮ್ಸ್ ರಾಫನ್ 2002ರ ತಮ್ಮ ‘ಡೀಪ್ ವಾಟರ್ಸ್’ ಕೃತಿಯಲ್ಲಿ ಟಿಮಿಸ್ಕಮಿಂಗ್ ದುರಂತದ ಬೇರುಗಳನ್ನು ಬಳಲಿಕೆಯೇ ಗುರುವೆಂಬ ಆ ಶಿಕ್ಷಣ ತತ್ವದಲ್ಲಿಯೇ ಹುಡುಕಿದ್ದಾರೆ. ಈ ಪಂಥಕ್ಕೆ ಎದುರಾಗಿ ನಿಲ್ಲಿಸಬೇಕಾದವರು ಬಿಲ್ ಮೇಸನ್. 1980ರಲ್ಲಿ ‘ಪಾತ್ ಆಫ್ ದ ಪ್ಯಾಡಲ್’ ಬರೆದ ಅವರ ನೆಚ್ಚಿನದು 16 ಅಡಿಯ ಪ್ರಾಸ್ಪೆಕ್ಟರ್ ಕನೂ, ನೆಚ್ಚಿನ ಭಂಗಿ ಮಂಡಿಯೂರಿ ಕೂರುವುದು. ಮಂಡಿಯೂರಿದವನ ಭಾರ ದೋಣಿಯ ತಳಕ್ಕೆ ಹತ್ತಿರವಾಗುತ್ತದೆ, ಎತ್ತರದ ಹಲಗೆಯ ಮೇಲೆ ಕುಳಿತವನದು ಅಂಚಿನ ಮೇಲಕ್ಕೆ ಹೋಗುತ್ತದೆ. ಇದನ್ನು ಪದೇ ಪದೇ ಹೇಳಿ ಓದುಗರಿಗೆ ಬೇಸರವೇ ಬಂದಿರಬಹುದು, ಆದರೂ ಮೊಣಕಾಲ ನೋವಿಗಿಂತ ತಣ್ಣೀರು ಕೆಟ್ಟದ್ದು.

ಟಿಮಿಸ್ಕಮಿಂಗ್ ದುರಂತದ ಹದಿನೈದು ವರ್ಷಗಳ ಅನಂತರ, 1993ರ ಮಾರ್ಚ್ 22ರಂದು, ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಎಂಟು ವಿದ್ಯಾರ್ಥಿಗಳು ಒಬ್ಬ ಶಿಕ್ಷಕ ಮತ್ತು ಇಬ್ಬರು ತರಬೇತುದಾರರೊಂದಿಗೆ ಕಯಾಕ್‌ಗಳಲ್ಲಿ, ಅಂದರೆ ಎರಡು ಅಲಗಿನ ಹುಟ್ಟಿನ ಮುಚ್ಚುದೋಣಿಗಳಲ್ಲಿ, ಹೊರಟಾಗ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತಿತ್ತು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಎರಡು ವರ್ಷದಲ್ಲಿ ಬ್ರಿಟನ್ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾನೂನು ಮಾಡಿತು. ಅಂಥ ಗಾಳಿಯಲ್ಲಿ ದಡದ ಮರೆಯಲ್ಲಿರುವ ನೀರು ಸಪಾಟಾಗಿರುತ್ತದೆ, ದೂರದ ಅಲೆಗಳೂ ದಡದಲ್ಲಿ ನಿಂತವನಿಗೆ ತಮ್ಮ ನುಣುಪಾದ ಬೆನ್ನನ್ನಷ್ಟೇ ತೋರುತ್ತವೆ. ನೊರೆ ಒಡೆಯುವ ಮುಖ ಆಚೆ ಬದಿಗಿರುತ್ತದೆ.